ಕಡ್ಡಿಯಮ್ಮ ಮತ್ತು ಮೂವತ್ತೇಳನೇ ಮನೆ

ನೀರಿನ ಮೀಟರು ಓದುವವನಿಗೆ ಬಾಗಿಲು ತಟ್ಟುವುದಕ್ಕೂ ಒಂದು ಕ್ರಮವಿದೆ. ಮೂರು ಸಲ ತಟ್ಟಬೇಕು, ಪ್ರತಿ ಸಲವೂ ‘ಯಾರಿದ್ದೀರಿ?’ ಎಂದು ಕೇಳಬೇಕು. ಒಳಗಿನಿಂದ ಉತ್ತರ ಬಾರದಿದ್ದರೆ ‘ಯಾರೂ ಇಲ್ಲ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ, ಪುಸ್ತಕದಲ್ಲಿ ಅದನ್ನೇ ಬರೆಯಬೇಕು. ಈ ಕೂಗು ಯಾವ ಕಾಲದಲ್ಲಿ ಶುರುವಾಯಿತೋ ನನಗೆ ಗೊತ್ತಿಲ್ಲ. ನಾಳೆ ಯಾರಾದರೂ ಬಂದು ‘ನಾನು ಮನೆಯಲ್ಲೇ ಇದ್ದೆ, ನೀನು ಬರಲೇ ಇಲ್ಲ’ ಎಂದು ಜಗಳ ತೆಗೆದರೆ ಅಕ್ಕಪಕ್ಕದವರು ಸಾಕ್ಷಿ ಹೇಳಲಿ ಎಂದಿರಬೇಕು. ನನ್ನ ಗಂಟಲು ಮೊದಲೇ ದೊಡ್ಡದು. ಮೂವತ್ತೊಂದು ವರ್ಷ ಈ ಊರಿನ ಬೀದಿ ಬೀದಿಯಲ್ಲೂ ‘ಯಾರೂ ಇಲ್ಲ’ ಎಂದು ಕೂಗಿದ್ದೇನೆ. ಅದರಲ್ಲಿ ಒಂದು ಸಲ ಅದು ಸುಳ್ಳಾಗಿತ್ತು. ಆ ಸುಳ್ಳನ್ನು ಹಿಡಿದವರು ನಮ್ಮ ಕಚೇರಿಯ ಕಡ್ಡಿಯಮ್ಮ. ಅವರ ಕಥೆ ಹೇಳಲು ಕೂತಿದ್ದೇನೆ. ನಡುನಡುವೆ ನನ್ನ ತಪ್ಪೂ ಬರುತ್ತದೆ, ಬರಲಿ.

ಕಡ್ಡಿಯಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾನು ಇಟ್ಟದ್ದು. ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆಯಲ್ಲಿ, ಪಂಪು ಶುರುವಾದರೆ ಗೋಡೆಯೇ ಸಣ್ಣಗೆ ನಡುಗುವ ಜಾಗದಲ್ಲಿ, ಅವರ ಮೇಜಿತ್ತು. ಗುಮಾಸ್ತೆಯಾಗಿ ಸೇರಿದವರು. ಕಚೇರಿಗೆ ಕಂಪ್ಯೂಟರು ಬಂದ ವರ್ಷ ನಾವೆಲ್ಲ ಅದಕ್ಕೆ ಹೆದರಿ ದೂರ ನಿಂತಿದ್ದಾಗ, ಇವರೊಬ್ಬರು ಅದರ ಮುಂದೆ ಹೋಗಿ ಕೂತರು, ಮತ್ತೆ ಏಳಲಿಲ್ಲ. ಯಾರೂ ಕಲಿಸದೆ ತಾವೇ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಮುಂದೆ ಮನೆಮನೆಯ ಮೀಟರಿಗೂ ರೇಡಿಯೋ ಹಾಕಿ, ಕಾಲು ಗಂಟೆಗೊಮ್ಮೆ ಅದು ತಾನಾಗಿ ಅಂಕಿ ಕಳಿಸುವ ಏರ್ಪಾಡಾಯಿತು. ಆ ಅಂಕಿಗಳ ರಾಶಿ ನೋಡಿ ಯಾರಿಗೂ ತಲೆಬುಡ ತಿಳಿಯದಿದ್ದಾಗ ಅವರು ಬರೆದದ್ದೇ ‘ಕಡ್ಡಿ’.

ಅದರಲ್ಲಿ ಬಣ್ಣವಿಲ್ಲ, ಒತ್ತಲು ಗುಂಡಿಯಿಲ್ಲ. ಕಪ್ಪು ತೆರೆಯ ಮೇಲೆ ‘ಕಡ್ಡಿ’ ಎಂದು ಟೈಪು ಮಾಡಿ, ಮುಂದೆ ಬೀದಿಯ ನಂಬರು ಕೊಟ್ಟು ಎಂಟರ್ ಒತ್ತಿದರೆ, ಆ ಬೀದಿಯ ಮನೆಗಳೆಲ್ಲ ಒಂದರ ಕೆಳಗೊಂದು ಬರುತ್ತಿದ್ದವು. ಎಡಕ್ಕೆ ಮನೆಯ ನಂಬರು. ಬಲಕ್ಕೆ ಒಂದೇ ಗುರುತು ಸಾಲಾಗಿ ಬಿದ್ದು ಆದ ಕಡ್ಡಿ. ಹೆಚ್ಚು ನೀರು ಬಳಸಿದವರಿಗೆ ಉದ್ದ ಕಡ್ಡಿ, ಕಡಿಮೆ ಬಳಸಿದವರಿಗೆ ಗಿಡ್ಡ. ಇಷ್ಟೇ. ಅವರ ಮೈಯೂ ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ, ಹೆಸರು ಕಚೇರಿಗೆಲ್ಲ ಅಂಟಿಕೊಂಡಿತು. ಇಟ್ಟವನು ನಾನೆಂದು ತಿಳಿದಾಗ, ನಿನ್ನ ಬಾಯಿಗೆ ಇದಕ್ಕಿಂತ ಕೆಟ್ಟದ್ದೂ ಬರಬಹುದಿತ್ತು, ಇರಲಿ ಬಿಡು ಎಂದರು.

ನಮ್ಮ ದೊಡ್ಡ ಸಾಹೇಬರು ಅಂಕಿ ಓದುವವರಲ್ಲ, ಚಿತ್ರ ನೋಡುವವರು. ಮೂರು ತಿಂಗಳಿಗೊಮ್ಮೆ ಬೀದಿಗೊಂದು ಹಾಳೆಯಂತೆ ಕಡ್ಡಿಗಳನ್ನು ಅಚ್ಚು ಹಾಕಿ ಅವರ ಮೇಜಿನ ಮೇಲಿಟ್ಟರೆ, ಕೆಂಪು ಪೆನ್ಸಿಲು ಹಿಡಿದು, ಕಡ್ಡಿಯೇ ಇಲ್ಲದ ಮನೆಗಳ ಸುತ್ತ ಒಂದೊಂದು ಸುತ್ತು ಎಳೆಯುತ್ತಿದ್ದರು. ಅಂಥ ಮನೆಗೆ ನಮ್ಮಲ್ಲಿ ‘ಸತ್ತ ಮೀಟರು’ ಎನ್ನುತ್ತೇವೆ. ಖಾಲಿ ಮನೆಯ ಹಳೇ ಪೈಪು ಒಡೆದರೆ ಕೇಳುವವರಿರುವುದಿಲ್ಲ, ಪಕ್ಕದವರ ಗೋಡೆ ಕುಸಿಯುತ್ತದೆ. ಅದಕ್ಕಾಗಿ ಸತ್ತ ಮೀಟರಿಗೆ ಬೀದಿಯಲ್ಲೇ ನೀರು ನಿಲ್ಲಿಸಿಬಿಡಬೇಕು. ಆ ಕೆಲಸ ನನ್ನದು. ಹಾಳೆ ಹಿಡಿದು ಹೋಗುವುದು, ತಟ್ಟುವುದು, ಕೂಗುವುದು, ರಸ್ತೆ ಬದಿಯ ಕಬ್ಬಿಣದ ಮುಚ್ಚಳ ಎತ್ತಿ ವಾಲ್ವು ಮುಚ್ಚುವುದು, ತಂತಿ ಸುತ್ತಿ ಸೀಸದ ಮೊಹರು ಒತ್ತುವುದು. ಎಲ್ಲ ಸೇರಿ ಹತ್ತು ನಿಮಿಷ.

ಈಗ ನನ್ನ ಬಾಯಿಯ ವಿಚಾರ. ಕಡ್ಡಿಯಮ್ಮನ ಒಬ್ಬಳೇ ಮಗಳು ಮದುವೆಯಾಗಿ ದೂರ ಹೋಗಿದ್ದಳು. ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಾಸ್ಟೆಲಿನ ಬೀದಿಯ ಸಣ್ಣ ಮನೆಯಲ್ಲಿ ಒಬ್ಬರೇ ಇದ್ದರು. ಒಂದು ಬೆಳಿಗ್ಗೆ ಆ ಬೀದಿಯ ಹಾಳೆ ಅವರ ಮೇಜಿನ ಮೇಲಿತ್ತು. ಹಾಸ್ಟೆಲಿನ ಕಡ್ಡಿ ಹಾಳೆಯ ಈ ಅಂಚಿನಿಂದ ಆ ಅಂಚಿಗೆ. ಕಡ್ಡಿಯಮ್ಮನ ಮನೆಯ ನಂಬರಿನ ಮುಂದೆ ಬರೀ ಬಿಳಿ ಕಾಗದ.

“ಅಕ್ಕ, ನಿಮ್ಮ ಮನೆಗೇ ಕಡ್ಡಿ ಇಲ್ಲವಲ್ಲ. ಬರೋ ತಿಂಗಳು ಬಂದು ಸೀಸ ಒತ್ತಲಾ?” ಎಂದೆ.

ನಗುತ್ತಾರೆ ಅಂದುಕೊಂಡಿದ್ದೆ. ಅವರು ಹಾಳೆಯನ್ನು ಕನ್ನಡಕದ ಹತ್ತಿರ ತಂದು, ಆ ಬಿಳಿ ಜಾಗದ ಮೇಲೆ ಬೆರಳಾಡಿಸಿದರು. ಅಲ್ಲೇನೋ ಬರೆದಿದೆ, ತಮಗೆ ಮಾತ್ರ ಕಾಣುತ್ತಿಲ್ಲ ಎನ್ನುವ ಹಾಗೆ.

“ನಾನಿನ್ನೂ ಇದ್ದೀನಲ್ಲಪ್ಪ,” ಎಂದರು.

ನನ್ನ ಬಾಯಿಗಿಷ್ಟು ಮಣ್ಣು ಹಾಕ. ಆ ಮಾತು ಹೇಳಿದ ರೀತಿಗೆ ಅವರ ಮುಖ ನೋಡಲಾಗದೆ, ಏನೋ ನೆಪ ಹೇಳಿ ಹೊರಗೆ ಹೋದೆ.

ಅಂದೇ ಅವರು ‘ಕಡ್ಡಿ’ಯನ್ನು ಬಿಚ್ಚಿ ಕೂತರು. ತಪ್ಪು ಎಲ್ಲಿದೆ ಎಂದು ನನ್ನಂಥ ಮೊದ್ದನಿಗೂ ಬಿಡಿಸಿ ಹೇಳಿದರು. ತೆರೆಯ ಅಗಲ ಎಂಬತ್ತು ಅಕ್ಷರ. ಮನೆಯ ನಂಬರಿಗೂ ಅಂಚಿಗೂ ಇಪ್ಪತ್ತು ಹೋದರೆ ಕಡ್ಡಿಗೆ ಉಳಿಯುವುದು ಅರವತ್ತು. ಬೀದಿಯಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಎಳೆಯುವವರಿಗೆ ಆ ಅರವತ್ತೂ ಗುರುತು, ಉಳಿದವರಿಗೆ ಅದೇ ಅಳತೆಯಲ್ಲಿ. ಹಾಸ್ಟೆಲು ದಿನಕ್ಕೆ ಹನ್ನೆರಡು ಸಾವಿರ ಲೀಟರು ಎಳೆದರೆ ಒಂದು ಗುರುತಿಗೆ ಇನ್ನೂರು ಲೀಟರು ಬಂತು. ಅರ್ಧ ಗುರುತಿಗಿಂತ ಕಡಿಮೆಯಾದದ್ದನ್ನೆಲ್ಲ ಪ್ರೋಗ್ರಾಂ ಸೊನ್ನೆ ಮಾಡಿಬಿಡುತ್ತಿತ್ತು. ಒಂಟಿ ಹೆಂಗಸು ಕುಡಿದು, ಸ್ನಾನ ಮಾಡಿ, ಒಗೆದು, ಪಾತ್ರೆ ತೊಳೆದರೂ ತೊಂಬತ್ತು ಲೀಟರು ದಾಟುವುದಿಲ್ಲ. ಹಾಗೆ ಬರೆದವರು ಅವರೇ. ಹನ್ನೊಂದು ವರ್ಷದ ಹಿಂದೆ ಬರೆದಾಗ ಅವರ ಮನೆಯಲ್ಲಿ ಮೂರು ಜನ ಇದ್ದರು, ಅರ್ಧ ಗುರುತಿನ ಯೋಚನೆ ಬಂದಿರಲಿಲ್ಲ.

ಮೂರು ವಾರ ಹಿಡಿಯಿತು. ಮೊದಲು, ಒಂದೊಂದು ಗುರುತೂ ಹಿಂದಿನದರ ಹತ್ತು ಪಟ್ಟು ಎನ್ನುವ ಅಳತೆ ಹಾಕಿ ನೋಡಿದರು. ಸಾಹೇಬರು ಹಾಳೆ ನೋಡಿ, ಲಾಂಡ್ರಿಗೂ ಅದರ ಪಕ್ಕದ ಮನೆಗೂ ಎರಡೇ ಗುರುತಿನ ವ್ಯತ್ಯಾಸವೇ, ನನ್ನ ಕಿವಿಗೆ ಹೂ ಇಡುತ್ತೀರಾ ಎಂದು ವಾಪಸು ಕಳಿಸಿದರು. ಆಮೇಲೆ ಅಂಗಡಿ, ಲಾಂಡ್ರಿಗಳ ಹೆಸರನ್ನೂ ಸೇರಿಸಲು ಹೋದರೆ, ಯಂತ್ರ ಒತ್ತಕ್ಷರವನ್ನು ಎರಡು ಮೂರು ಅಕ್ಷರವೆಂದು ಎಣಿಸಿ, ಅದಿದ್ದ ಕಡೆಯೆಲ್ಲ ಕಡ್ಡಿ ಸೊಟ್ಟಗೆ ಶುರುವಾಯಿತು. ಅದೊಂದಕ್ಕೇ ನಾಲ್ಕು ದಿನ ತಲೆ ಕೆಡಿಸಿಕೊಂಡು, ಕೊನೆಗೆ ನೇರ ಮಾಡಿದರು. ಇದೆಲ್ಲ ಆದ ಮೇಲೆ, ಕಂಪ್ಯೂಟರಿನ ಅಕ್ಷರಗಳ ನಡುವೆ, ಇಷ್ಟು ವರ್ಷ ಅವರ ಕಣ್ಣಿಗೆ ಬೀಳದಿದ್ದ ಎಂಟು ಗುರುತು ಸಿಕ್ಕವು. ಒಂದು ತುಂಬು ಇಟ್ಟಿಗೆ. ಅದನ್ನೇ ಉದ್ದಕ್ಕೆ ಸೀಳುತ್ತ ಹೋದರೆ ಏಳು ಪಾಲು, ಆರು ಪಾಲು, ಹೀಗೆ ಇಳಿದು ಕಡೆಗೆ ಎಂಟನೇ ಒಂದು ಪಾಲಿನ ಕೂದಲೆಳೆ. ನೀರು ಎಷ್ಟೇ ಕಡಿಮೆಯಿರಲಿ, ಒಂದು ಹನಿ ಹೋಗಿದ್ದರೂ ಆ ಕೂದಲೆಳೆ ಬಿದ್ದೇ ಬೀಳಬೇಕೆಂದು ಬರೆದರು. ‘ಸೊನ್ನೆಯಲ್ಲದ್ದು ಸೊನ್ನೆ ಆಗಕೂಡದು’ ಎಂದು ಚೀಟಿ ಬರೆದು ತೆರೆಯ ಮೇಲಂಚಿಗೆ ಅಂಟಿಸಿದರು. ಸಾಹೇಬರು, ಈಯಮ್ಮ ಕಡ್ಡಿಯನ್ನು ಗುಡ್ಡ ಮಾಡುತ್ತಾರೆ ಎಂದು ನನ್ನ ಹತ್ತಿರ ನಕ್ಕರು. ನಾನೂ ನಕ್ಕೆ.

ಕೆಲಸ ಮುಗಿದ ದಿನ ಮಧ್ಯಾಹ್ನ ನನ್ನನ್ನು ಕರೆದರು. ಅವರ ಮನೆಯ ನಂಬರಿನ ಮುಂದೆ ಈಗ ಅರ್ಧ ಇಟ್ಟಿಗೆಗಿಂತ ಕೊಂಚ ಕಡಿಮೆ ದಪ್ಪದ ಗುರುತು ನಿಂತಿತ್ತು. ನೋಡಿದೆಯಾ ಎಂದರು. ಎಂಟು ತಿಂಗಳಲ್ಲಿ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಆಮೇಲೆ, ಪರೀಕ್ಷೆಗಿರಲಿ ಎಂದು, ಈ ಸಲದ ಸತ್ತ ಮೀಟರುಗಳ ಬೀದಿಗಳನ್ನು ಒಂದೊಂದಾಗಿ ಹಾಕತೊಡಗಿದರು. ನಾನು ಸೀಸ ಒತ್ತಿ ಬಂದಿದ್ದ ಹನ್ನೊಂದು ಮನೆ. ಹತ್ತು ಮನೆಗೆ ಏನೂ ಬೀಳಲಿಲ್ಲ. ಮೂರನೇ ಅಡ್ಡರಸ್ತೆಯಲ್ಲಿ ಲಾಂಡ್ರಿಯ ಕಡ್ಡಿ ತೆರೆ ತುಂಬ ಚಾಚಿತ್ತು, ಅದರ ಕೆಳಗೆ ಮೂವತ್ತೇಳನೇ ಮನೆ.

37 ▏

ಪೆನ್ನಿನಿಂದ ಯಾರೋ ತಪ್ಪಿ ಗೀರಿದಂತಿತ್ತು.

“ಇದಕ್ಕೆ ನೀನು ಸೀಸ ಒತ್ತಿದ್ದೀಯಲ್ಲ?”

ಒಂಬತ್ತು ದಿನವಾಯಿತು ಎಂದೆ. ಅವರು ಹಿಂದಿನ ತಿಂಗಳುಗಳ ಕಡತ ತೆರೆದು ದಿನವಹಿ ಕಡ್ಡಿ ಹಾಕಿದರು. ಒಂದರ ಕೆಳಗೊಂದು ಕೂದಲೆಳೆ, ಒಂದು ದಿನವೂ ತಪ್ಪಿಲ್ಲ. ಅಂಕಿ ನೋಡಿದರೆ ದಿನಕ್ಕೆ ಹದಿನೈದು ಲೀಟರು, ಒಮ್ಮೊಮ್ಮೆ ಹನ್ನೆರಡು. ಈಚೆಗಷ್ಟೇ ಯಂತ್ರ ಹೆಚ್ಚಿಸಿದ ಲಾಂಡ್ರಿಯ ಆರು ಸಾವಿರದ ಪಕ್ಕದಲ್ಲಿ ಹಳೇ ಪ್ರೋಗ್ರಾಮು ಅದನ್ನು ಮೂರು ತಿಂಗಳೂ ಸೊನ್ನೆ ಎಂದಿತ್ತು. ಸಾಹೇಬರು ಸುತ್ತು ಎಳೆದಿದ್ದರು. ನಾನು ಹೋಗಿ ಮುಚ್ಚಿದ್ದೆ.

ಆದರೆ ಕಡ್ಡಿಯಮ್ಮ ಇನ್ನೂ ತೆರೆ ನೋಡುತ್ತಿದ್ದರು. ಸೀಸ ಒತ್ತಿದ ದಿನದ ಕೆಳಗೂ ಗೆರೆಗಳಿದ್ದವು. ನೀರು ನಿಂತ ಮರುದಿನ ಒಂದು. ಅದರ ಮರುದಿನ ಒಂದು. ನಿನ್ನೆಯವರೆಗೆ ಎಂಟು ದಿನಕ್ಕೆ ಎಂಟು.

ಮೀಟರಿನ ತಲೆ ಕೆಟ್ಟಿರಬೇಕು ಎಂದೆ. ಹಾಗೆಂದರೂ ನನಗೆ ಬೇರೆ ವಿಷಯ ಗೊತ್ತಿತ್ತು. ನಮ್ಮ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ, ಗಾಳಿ ಹೋದರೂ ಮೀಟರಿನ ಚಕ್ರ ತಿರುಗುತ್ತದೆ. ಮೂರನೇ ಅಡ್ಡರಸ್ತೆಯ ವಾಲ್ವುಗಳು ಹಳೆಯವು. ಮುಚ್ಚಿದರೂ, ಬೀದಿಯ ಪೈಪಿಗೆ ನೀರು ಬಿಟ್ಟಾಗ ಅದು ಮುಂದೆ ತಳ್ಳುವ ಗಾಳಿ ಎಲ್ಲೋ ಒಂದೆಳೆ ನುಸುಳುತ್ತದೆ. ಆದರೆ ಮನೆಯೊಳಗೆ ನಲ್ಲಿ ಮುಚ್ಚಿದ್ದರೆ ಆ ಗಾಳಿಗೆ ಹೋಗಲು ದಾರಿಯಿಲ್ಲ, ಚಕ್ರ ಅಲುಗುವುದಿಲ್ಲ. ಚಕ್ರ ಅಲುಗಿದೆ ಎಂದರೆ ಒಳಗೆ ನಲ್ಲಿ ತೆರೆದಿದೆ.

ಯಾರೋ ಬಿಟ್ಟುಹೋದ ನಲ್ಲಿ ತೆರೆದೇ ಇದ್ದಿರಬಹುದು ಎಂದೆ. ಕಡ್ಡಿಯಮ್ಮ ಗಂಟೆವಾರು ಕಡ್ಡಿ ಹಾಕಿದರು. ಆ ಬೀದಿಗೆ ಬೆಳಿಗ್ಗೆ ಆರರಿಂದ ಎಂಟು, ಮಧ್ಯಾಹ್ನ ಮೂರರಿಂದ ಆರು ನೀರು ಬಿಡುತ್ತೇವೆ. ನಲ್ಲಿ ತೆರೆದೇ ಇದ್ದಿದ್ದರೆ ಆ ಐದು ಗಂಟೆಗಳಲ್ಲೂ ಗೆರೆ ಬೀಳಬೇಕು. ಬಿದ್ದಿದ್ದು ಮಧ್ಯಾಹ್ನ ನಾಲ್ಕರ ಮೇಲಿನ ಕಾಲು ಗಂಟೆಯಲ್ಲಿ ಮಾತ್ರ, ದಿನಕ್ಕೊಂದೇ ಸಲ. ದಿನಾ ನಾಲ್ಕಕ್ಕೆ ಒಂದು ಕೈ ಆ ಒಣ ನಲ್ಲಿಯನ್ನು ತೆರೆಯುತ್ತಿತ್ತು, ಮತ್ತೆ ಮುಚ್ಚುತ್ತಿತ್ತು. ಗೋಡೆ ಸಣ್ಣಗೆ ನಡುಗುತ್ತಿತ್ತು, ಮೂರರ ಪಂಪು ಓಡುತ್ತಿತ್ತು.

ಆ ಮನೆ ನನ್ನ ಕಣ್ಣಮುಂದೆ ಬಂತು. ಮುಂಬಾಗಿಲಿಗೆ ಹೊರಗಿನಿಂದ ಬೀಗ, ಬೀಗಕ್ಕೆ ತುಕ್ಕು, ಅದರ ಮೇಲೆ ಜೇಡರ ಬಲೆ. ಪಕ್ಕದ ಲಾಂಡ್ರಿಯವನು, ಗಡಿಯಾರ ರಿಪೇರಿ ಮಾಡುತ್ತಿದ್ದವನ ಮನೆ ಅದು, ಆತ ಸತ್ತು ಎರಡು ವರ್ಷವಾಯಿತು, ಹೆಂಡತಿ ಅಣ್ಣನ ಮನೆಗೆ ಹೋದಳಂತೆ ಎಂದಿದ್ದ. ಬೀಗ ನೋಡಿಯೂ ಕ್ರಮ ಬಿಡಬಾರದೆಂದು ನಾನು ಮೂರು ಸಲ ತಟ್ಟಿದ್ದೆ. ಮೂರನೇ ಸಲ ಒಳಗೆಲ್ಲೋ ಪಾತ್ರೆಗೆ ಪಾತ್ರೆ ತಾಗಿದ ಸಣ್ಣ ಸದ್ದು ಕೇಳಿತ್ತು. ಬೆಕ್ಕಿರಬೇಕು ಎಂದುಕೊಂಡೆ. ಎಂದುಕೊಂಡು, ‘ಯಾರೂ ಇಲ್ಲ’ ಎಂದು ಎಂದಿಗಿಂತ ಜೋರಾಗಿಯೇ ಕೂಗಿದೆ. ಇದನ್ನು ಕಡ್ಡಿಯಮ್ಮನಿಗೆ ಹೇಳಲು ನನಗೆ ನಾಲಿಗೆ ಏಳಲಿಲ್ಲ.

“ಯಾರೋ ಇದ್ದಾರೆ. ಏಳು, ಹೋಗೋಣ,” ಎಂದರು.

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ನನಗೆ ನಂಬಲು ಇಷ್ಟವಿರಲಿಲ್ಲ, ಅದೇ ನಿಜ. ನಾಲ್ಕಾಗಲಿ, ಇವತ್ತೂ ಗೆರೆ ಬಿದ್ದರೆ ಹೋಗೋಣ, ಇಲ್ಲದಿದ್ದರೆ ಬೀಗ ಒಡೆದು ಯಾರ ಹತ್ತಿರವಾದರೂ ಬೈಸಿಕೊಳ್ಳುವುದು ಯಾಕೆ ಎಂದು ಹಟ ಹಿಡಿದೆ. ಅವರು ತೆರೆಯತ್ತ ಬೆರಳು ತೋರಿಸಿದರು. ಎಂಟು ದಿನದ ಗೆರೆಗಳೂ ಒಂದೇ ದಪ್ಪ, ಅದಕ್ಕಿಂತ ಸಣ್ಣ ಗುರುತು ಇಲ್ಲವಲ್ಲ. ಪಕ್ಕದ ಅಂಕಿ ಮಾತ್ರ ಇಳಿಯುತ್ತ ಬಂದಿತ್ತು. ನಿನ್ನೆಯದು ಮೀಟರು ಅಳೆಯಬಲ್ಲ ಕಟ್ಟಕಡೆಯ ಅಂಕಿ. ಇದಕ್ಕಿಂತ ಇಳಿದರೆ ಮೀಟರೇ ಸೊನ್ನೆ ಅನ್ನುತ್ತದೆ, ಆಮೇಲೆ ನನ್ನ ಕಡ್ಡಿಯ ಕೈಯಲ್ಲೂ ಏನೂ ಆಗುವುದಿಲ್ಲ ಎಂದರು. ಆದರೂ ನಾನು ಏಳಲಿಲ್ಲ. ಅವರೂ ನಿಂತೇ ಇದ್ದರು.

ನಾಲ್ಕಾಯಿತು. ನಾಲ್ಕೂ ಕಾಲಾಯಿತು. ಅವರು ‘ಕಡ್ಡಿ’ ಎಂದು ಟೈಪು ಮಾಡಿ ಎಂಟರ್ ಒತ್ತಿದರು. ಮೂವತ್ತೇಳರ ಮುಂದೆ ಏನೂ ಬೀಳಲಿಲ್ಲ. ಇನ್ನೊಮ್ಮೆ ಒತ್ತಿದರು. ಕಪ್ಪು ಜಾಗ.

ಮುಗಿಯಿತು ಎಂದುಕೊಂಡೆ. ಒಂಬತ್ತು ದಿನದಿಂದ ಕೂಗುತ್ತಿದ್ದ ಯಾವುದೋ ಜೀವ, ನಾವು ಕೇಳಿಸಿಕೊಂಡ ಹೊತ್ತಿಗೆ ಸರಿಯಾಗಿ ನಿಂತುಹೋಯಿತು ಅನ್ನಿಸಿತು. ಕಡ್ಡಿಯಮ್ಮ ಮೂವತ್ತೇಳರ ದಿನವಹಿ ಗೆರೆಗಳನ್ನು ಅಚ್ಚು ಹಾಕಿ, ಹಾಳೆಯನ್ನು ಹರಿದು ಮಡಚಿಕೊಂಡರು, ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದುಕೊಂಡರು. ಕಚೇರಿ ಮುಗಿಯುವ ಮುಂಚೆ ಅವರು ಎದ್ದು ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮೂರನೇ ಅಡ್ಡರಸ್ತೆಗೆ ಕಾಲು ಗಂಟೆ ದಾರಿ, ಹತ್ತೇ ನಿಮಿಷದಲ್ಲಿ ಮುಟ್ಟಿದೆವು. ಮುಂಬಾಗಿಲ ಬೀಗ ಹಾಗೇ ಇತ್ತು. ಹಿಂಬದಿಗೆ ಹೋಗಬೇಕಾದರೆ ಲಾಂಡ್ರಿಯವನು ಬಟ್ಟೆ ಒಣಗಿಸುವ ಅಂಗಳ ದಾಟಬೇಕು. ಸಾಲುಸಾಲು ಬಿಳಿ ಹೊದಿಕೆಗಳು ನೆಲದವರೆಗೆ ಜೋತುಬಿದ್ದಿದ್ದವು. ಒಂದನ್ನು ಸರಿಸಿದರೆ ಇನ್ನೊಂದು, ಒದ್ದೆ ಬಟ್ಟೆ ಮುಖಕ್ಕೆ ತಾಗುತ್ತಿತ್ತು, ಮುಂದೆ ಹೋಗುತ್ತಿದ್ದ ಕಡ್ಡಿಯಮ್ಮ ಒಂದು ಗಳಿಗೆ ಕಾಣುತ್ತಿದ್ದರು, ಒಂದು ಗಳಿಗೆ ಇಲ್ಲ. ಕೊನೆಯ ಹೊದಿಕೆಯ ಆಚೆ ಒಂದು ಗಿಡ್ಡ ಬಾಗಿಲು. ದೂಡಿದೆ. ಚಿಲಕ ಹಾಕಿರಲಿಲ್ಲ.

ಒಳಗೆ ಮಬ್ಬು. ಕಾಲಿಗೆ ಏನೋ ತಾಗಿ ಠಣ್ ಎಂದಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ ನೆಲದ ತುಂಬ ಪಾತ್ರೆಗಳು. ಕೊಡ, ಬಕೆಟ್ಟು, ಲೋಟ, ಬಟ್ಟಲು, ಸೌಟು, ಬಾಟಲಿಯ ಮುಚ್ಚಳಗಳು ಕೂಡ, ದೊಡ್ಡದರಿಂದ ಚಿಕ್ಕದಕ್ಕೆ ಸಾಲು ಹಿಡಿದು, ಬಾಯಿ ಮೇಲೆ ಮಾಡಿ ಇಟ್ಟಿದ್ದವು. ಒಂದರಲ್ಲೂ ನೀರಿಲ್ಲ. ಸಾಲಿನ ತುದಿಯಲ್ಲಿ ಕೈತೊಳೆಯುವ ಕಟ್ಟೆ. ಕಟ್ಟೆಯ ಮೇಲೆ ಒಣಗಿ ಬಿರುಕುಬಿಟ್ಟ ಸೋಪು, ನೀಟಾಗಿ ಮಡಚಿದ ಗಂಡಸರ ಟವೆಲು. ಅದರ ಕೆಳಗೆ ನೆಲದ ಮೇಲೆ ಕೂತಿದ್ದರು ಒಬ್ಬ ಮುದುಕಿ. ಒಂದು ಕೈ ಮೇಲಕ್ಕೆ ಚಾಚಿ ನಲ್ಲಿಯ ಮೇಲೆ ಇಟ್ಟುಕೊಂಡಿದ್ದರು. ನಮ್ಮನ್ನು ನೋಡಿ ಬೆಚ್ಚಲಿಲ್ಲ.

“ತಿರುಗಿಸೋಕೆ ಆಗ್ತಾ ಇಲ್ಲ,” ಎಂದರು. ತುಟಿ ಒಡೆದಿತ್ತು, ದನಿ ಹೊರಡುತ್ತಿರಲಿಲ್ಲ. “ನಾಲ್ಕಾಯ್ತು. ಅವರು ಬಂದು ಕೈ ತೊಳ್ಕೊಳ್ಳೋ ಹೊತ್ತು.”

ಕಡ್ಡಿಯಮ್ಮ ಕೆಳಗೆ ಕೂತು, ಅವರ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು, ಬಾಟಲಿಯ ಮುಚ್ಚಳದಿಂದ ಒಂದೊಂದೇ ಗುಟುಕು ಕುಡಿಸಿದರು. ನಾನು ಬಾಗಿಲಲ್ಲೇ ನಿಂತು ಏನೇನೋ ತೊದಲಿದೆ. ನೀವು ಒಳಗಿದ್ದದ್ದು ಗೊತ್ತಾಗಲಿಲ್ಲ ತಾಯಿ, ಬೀಗವಿತ್ತು, ಕ್ರಮದ ಪ್ರಕಾರ ತಟ್ಟಿದ್ದೆ ಎಂದೆಲ್ಲ. ಆಕೆ ನನ್ನ ಕಡೆ ತಿರುಗಿ ಕಿವಿ ಕೊಟ್ಟರು.

“ಇದೇ ಗಂಟಲು,” ಎಂದರು. “ಮೂರು ಸಲ ಕೇಳಿದ್ರಿ. ಏಳೋಕೆ ಮನಸ್ಸಾಗಲಿಲ್ಲ. ಆಮೇಲೆ ಯಾರೂ ಇಲ್ಲ ಅಂದ್ರಿ. ನೀರೂ ನಿಂತುಹೋಯ್ತು. ನಾನೂ ಹೌದೇನೋ ಅನ್ಕೊಂಡೆ.”

“ಏನು ಹೌದು ಅಂತ?” ಎಂದು ಕಡ್ಡಿಯಮ್ಮ ಕೇಳಿದರು.

“ನಾನು ಇಲ್ಲ ಅಂತ.”

ಆ ಕೋಣೆಯಲ್ಲಿ ನನಗಾದ ಹೆದರಿಕೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಆಕೆ ತಮಾಷೆ ಮಾಡುತ್ತಿರಲಿಲ್ಲ. ಬುದ್ಧಿಯೂ ಕೆಟ್ಟಿರಲಿಲ್ಲ. ಬಿಡಿಬಿಡಿಯಾಗಿ ಎಲ್ಲವನ್ನೂ ಹೇಳಿದರು. ಗಂಡ ಹೋದ ಮೇಲೆ ಸಮಾಧಾನ ಹೇಳಲು ಬರುವವರ ಕಾಟ ತಾಳಲಾರದೆ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಹಿಂಬಾಗಿಲಿನಿಂದ ಒಳಗೆ ಬಂದು ಕೂತವರು. ವಾರಕ್ಕೊಮ್ಮೆ ನಸುಕಿನಲ್ಲೇ ಹೋಗಿ ದೂರದ ಅಂಗಡಿಯಿಂದ ಏನಾದರೂ ತರುತ್ತಿದ್ದರು. ಆ ಅಂಗಡಿಯವನನ್ನು ಬಿಟ್ಟರೆ ಎರಡು ವರ್ಷದಲ್ಲಿ ಯಾರೂ ಅವರ ಜೊತೆ ಮಾತಾಡಿರಲಿಲ್ಲ. ಹೊರಗಿನಿಂದ ಮನೆಯೊಳಗೆ ಬಂದ ಒಂದೇ ಮಾತು ನನ್ನದು. ಅಷ್ಟು ದೊಡ್ಡ ಗಂಟಲಲ್ಲಿ, ಇಲಾಖೆಯವರೇ ಬಂದು ಹೇಳಿದ ಮೇಲೆ ಅದು ನಿಜವೇ ಇರಬಹುದು ಎಂದುಕೊಂಡರಂತೆ. ತುಂಬಿಟ್ಟಿದ್ದ ನೀರು ಖಾಲಿಯಾಯಿತು, ಅಂಗಡಿಗೂ ಹೋಗಲಿಲ್ಲ. ಇಲ್ಲದವಳು ಹೋಗಿ ಏನಂತ ಕೇಳಲಿ ಎಂದರು. ನಾಲ್ಕಕ್ಕೆ ನಲ್ಲಿ ತಿರುಗಿಸಿದರೆ ಒಳಗಿನಿಂದ ಉಸಿರು ಬಿಟ್ಟ ಸದ್ದು ಬರುತ್ತಿತ್ತಂತೆ. ಅದಕ್ಕೆ ಕಿವಿ ಇಟ್ಟು ಕೂರುತ್ತಿದ್ದರಂತೆ.

“ಅವರೂ ಇಲ್ಲ, ನಾನೂ ಇಲ್ಲ. ಹಾಗಿದ್ದ ಮೇಲೆ ಇನ್ನೂ ಯಾಕೆ ಸಿಗ್ತಾ ಇಲ್ಲ ಅಂತ ಕಾಯ್ತಾ ಇದ್ದೆ,” ಎಂದರು.

ಕಡ್ಡಿಯಮ್ಮ ಮಡಚಿ ತಂದಿದ್ದ ಹಾಳೆಯನ್ನು ಬಿಡಿಸಿ, ಹಿಂಬಾಗಿಲಿನ ಬೆಳಕಿಗೆ ಹಿಡಿದು, ಆಕೆಯ ಬೆರಳನ್ನು ತಾವೇ ತೆಗೆದು ಆ ಕೂದಲೆಳೆಯ ಮೇಲೆ ಇಟ್ಟರು.

“ಇಲ್ಲಿ ನೋಡಿ. ಇದು ನೀವು. ಇದು ನಿನ್ನೆ, ಇದು ಮೊನ್ನೆ. ಒಂದು ದಿನವೂ ತಪ್ಪಿಲ್ಲ. ನೀವು ಇದ್ದೀರಿ.”

ಮುದುಕಿ ಆ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು, ಹೋಗುತ್ತದೆಯೋ ಏನೋ ಎಂಬಂತೆ. ಹೋಗಲಿಲ್ಲ. ಆಗ ಅವರಿಗೆ ಅಳು ಬಂತು. ನಾನು ಅಲ್ಲಿ ನಿಲ್ಲಲಾರದೆ ಬೀದಿಗೆ ಓಡಿ, ಮುಚ್ಚಳ ಎತ್ತಿ, ಇಕ್ಕಳ ಹುಡುಕುವ ತಾಳ್ಮೆಯಿಲ್ಲದೆ ತಂತಿಯನ್ನು ಕೈಯಲ್ಲೇ ತಿರುಚಿ ಮುರಿದು ವಾಲ್ವು ಬಿಟ್ಟೆ. ಅಂಗೈ ಕುಯ್ದ ಗುರುತು ಈಗಲೂ ಇದೆ. ವಾಪಸು ಬರುವಾಗ ಒಳಗೆ ನೀರು ಪಾತ್ರೆಗೆ ಬೀಳುವ ಸದ್ದು ಕೇಳುತ್ತಿತ್ತು.

ಆಕೆ ಎರಡು ವಾರ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಗಂಡನ ತಂಗಿ ಬಂದು ಜೊತೆಗಿದ್ದರು. ಮುಂದಿನ ತಿಂಗಳು ಮೂವತ್ತೇಳರ ಗೆರೆ ಎರಡು ಇಟ್ಟಿಗೆಯಷ್ಟಾಯಿತು. ಸಾಹೇಬರು ಕೆಂಪು ಪೆನ್ಸಿಲನ್ನು ಡ್ರಾಯರಿಗೆ ಹಾಕಿದವರು ಮತ್ತೆ ತೆಗೆಯಲಿಲ್ಲ. ನಾನು ಬೆಕ್ಕಿನ ವಿಷಯವನ್ನು ಕಡ್ಡಿಯಮ್ಮನಿಗೆ ಹೇಳಿದ್ದು ಒಂದು ವರ್ಷದ ಮೇಲೆ. ಅವರು ಬೈಯಲಿಲ್ಲ. ಅರ್ಧ ಗುರುತು ಬಿಟ್ಟವಳು ನಾನು, ನೀನೊಬ್ಬನೇ ಹೊತ್ತುಕೊಂಡು ತಿರುಗಬೇಡ ಎಂದರು.

‘ಕಡ್ಡಿ’ಗೆ ಅವರು ಮಾಡಿದ ಕೊನೆಯ ತಿದ್ದುಪಡಿ ಇನ್ನೊಂದಿದೆ. ನಿಜವಾಗಿಯೂ ಸೊನ್ನೆ ಬಂದ ಮನೆಯ ಮುಂದೆ ಮೊದಲು ಖಾಲಿ ಬಿಡುತ್ತಿತ್ತಲ್ಲ, ಈಗ ಅಲ್ಲಿ ‘ಹೋಗಿ ನೋಡಿ’ ಎಂದು ಬರುತ್ತದೆ. ಸಾಹೇಬರಿಗೆ ಇದು ಹಿಡಿಸಲಿಲ್ಲ. ಚಿತ್ರ ಬಿಡಿಸಬೇಕಾದ ಯಂತ್ರ ನನಗೇ ಆಜ್ಞೆ ಮಾಡುತ್ತದೆಯೇ ಎಂದರು. ಯಂತ್ರ ಅಲ್ಲ, ಹೇಳುತ್ತಿರುವುದು ನಾನು ಎಂದು ಕಡ್ಡಿಯಮ್ಮ ಉತ್ತರ ಕೊಟ್ಟರು. ಅದು ಹಾಗೇ ಉಳಿಯಿತು. ಆ ಎರಡು ಪದ ಬಂದ ಮನೆಗೆಲ್ಲ ನಾನು ಹೋಗಿದ್ದೇನೆ, ಹಿಂಬಾಗಿಲನ್ನೂ ತಟ್ಟಿದ್ದೇನೆ. ಹೆಚ್ಚಿನವು ಖಾಲಿಯೇ. ಕೂಗುವುದನ್ನು ಮಾತ್ರ ಬಿಟ್ಟೆ.

ಎರಡು ವರ್ಷದ ಮೇಲೆ ಅವರು ನಿವೃತ್ತರಾದರು. ಮಗಳು ಎಷ್ಟು ಕರೆದರೂ ಹೋಗದೆ ಅದೇ ಮನೆಯಲ್ಲಿ ಇದ್ದರು. ನಾನು ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ, ಚಹಾಕ್ಕೂ ಮುಂಚೆ, ಹಾಸ್ಟೆಲಿನ ಬೀದಿಯ ಹಿಂದಿನ ದಿನದ ಕಡ್ಡಿ ಹಾಕಿ ನೋಡುತ್ತಿದ್ದೆ. ಅರ್ಧ ಇಟ್ಟಿಗೆಗೆ ಕೊಂಚ ಕಡಿಮೆ. ಇದ್ದಾರೆ ಎಂದುಕೊಂಡು ಚಹಾ ಕುಡಿಯುತ್ತಿದ್ದೆ. ಇದನ್ನು ಅವರಿಗೆ ಹೇಳಿರಲಿಲ್ಲ. ಒಮ್ಮೆ ಮಾತಿನ ನಡುವೆ ಅವರೇ, ನಿನ್ನೆ ಮಗಳು ಬಂದಿದ್ದಳು, ನೋಡಿರಬೇಕಲ್ಲ ನೀನು ಎಂದು ನಕ್ಕರು. ಐದು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಎಂದಿನಂತೆ ಎಂಟರ್ ಒತ್ತಿದೆ. ಹಾಸ್ಟೆಲಿನ ಕಡ್ಡಿ ತೆರೆಯ ತುಂಬ ಬಂತು. ಅದರ ಕೆಳಗೆ ಅವರ ಮನೆಯ ನಂಬರು, ಅದರ ಮುಂದೆ ಅವರದೇ ಕೈ ಟೈಪು ಮಾಡಿಟ್ಟ ಎರಡು ಪದ.

ಹೋಗಿ ನೋಡಿ.

ಅವರೇ ಪಕ್ಕದಲ್ಲಿ ನಿಂತು, ಅದೇ ಮೊಂಡು ದನಿಯಲ್ಲಿ ಹೇಳಿದ ಹಾಗಾಯಿತು. ಗೋಡೆ ಸಣ್ಣಗೆ ನಡುಗುತ್ತಿತ್ತು. ಹೋದೆ.

ಮುಂಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಅವರು ನಿದ್ದೆಯಲ್ಲೇ ಹೋಗಿ ಒಂದು ದಿನ ದಾಟಿತ್ತು ಎಂದು ಡಾಕ್ಟರು ಹೇಳಿದ್ದು ಆಮೇಲೆ. ಆದರೆ ಬಾಗಿಲ ಮುಂದೆ ನಿಂತಾಗಲೇ ನನಗೆ ಗೊತ್ತಾಗಿತ್ತು. ಆದರೂ ತಟ್ಟಿದೆ. ಅಕ್ಕ ಎಂದೆ. ಮತ್ತೆ ತಟ್ಟಿದೆ, ಮತ್ತೆ ಕರೆದೆ. ಮೂರನೇ ಸಲ ತಟ್ಟಿ ಕಾದೆ. ಹಿಂದಕ್ಕೆ ಹೋಗಿ ಅಡುಗೆಮನೆಯ ಬಾಗಿಲಿಗೂ ಕಿವಿ ಇಟ್ಟೆ. ಒಂದು ಸದ್ದೂ ಇಲ್ಲ.

ಎದುರು ಮನೆಗೆ ಹೊಸದಾಗಿ ಬಂದ ಹೆಂಗಸು, ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡುತ್ತಿದ್ದವರು, ಕೇಳಿದರು.

“ಒಳಗೆ ಯಾರಾದ್ರೂ ಇದ್ದಾರಾ?”

ಮೂವತ್ತೊಂದು ವರ್ಷದ ಅಭ್ಯಾಸ, ಕೂಗುವುದು ಬಿಟ್ಟು ಏಳು ವರ್ಷವಾಗಿದ್ದರೂ ಬಾಯಿ ತಾನಾಗಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿದೆ.

“ಇದ್ದಾರೆ,” ಎಂದೆ, ಬೀದಿಗೆಲ್ಲ ಕೇಳುವಂತೆ. “ನಮ್ಮಕ್ಕ ಇದ್ದಾರೆ,” ಎಂದು ಬಾಗಿಲಿಗೆ ಭುಜ ಕೊಟ್ಟೆ.